ಎಂಸಿಬಿ ಬಿದ್ದರೆ ಎಸಿಯನ್ನು ಬೈಯಬೇಡಿ

ಹೋದ ಬೇಸಿಗೆಯಲ್ಲಿ ನಮ್ಮ ಮನೆಗೂ ಎಸಿ ಬಂತು. ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಅಪ್ಪನಿಗೆ ಸೆಕೆ ತಡೆಯಲಾಗುತ್ತಿರಲಿಲ್ಲ, ಕಂತಿನ ಮೇಲೆ ತಂದೆವು. ಮೊದಲ ರಾತ್ರಿಯೇ ಇಪ್ಪತ್ತು ನಿಮಿಷಕ್ಕೆ ಎಂಸಿಬಿ ಬಿತ್ತು. ಎತ್ತಿದೆವು, ಮತ್ತೆ ಬಿತ್ತು.

ಮರುದಿನ ಊರಿನ ಒಬ್ಬ ಕೆಲಸಗಾರ ಬಂದು 10 ಆಂಪ್ಸ್ ಎಂಸಿಬಿ ಕಿತ್ತು 32 ಆಂಪ್ಸ್‌ನದ್ದು ಕೂರಿಸಿದ. "ಇನ್ನು ಬೀಳಲ್ಲ ಬಿಡ್ರಿ" ಅಂದ. ನಿಜ, ಬೀಳಲಿಲ್ಲ. ಮೂರನೇ ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಎಚ್ಚರವಾಯಿತು. ಗೋಡೆಯೊಳಗಿನ ಜಾಯಿಂಟ್‌ನಲ್ಲಿ ವೈರ್ ಕರಗಿ ಕಪ್ಪಾಗಿತ್ತು. ಅಪ್ಪ ಮಲಗಿದ್ದ ಮಂಚ ಅಲ್ಲಿಂದ ಎರಡು ಮಾರು ದೂರ.

ಅವತ್ತಿನಿಂದ ನಾವು ಎಲ್ಲರಿಗೂ ಹೇಳುತ್ತಿರುವ ಮಾತು ಒಂದೇ. ಎಂಸಿಬಿ ಇರುವುದು ಎಸಿ ಕಾಯುವುದಕ್ಕಲ್ಲ, ಗೋಡೆಯೊಳಗಿನ ವೈರ್ ಕಾಯುವುದಕ್ಕೆ. ಅದು ಬೀಳುತ್ತದೆ ಅಂತ ದೊಡ್ಡದು ಹಾಕುವುದು, ನಾಯಿ ಬೊಗಳುತ್ತದೆ ಅಂತ ಅದರ ಬಾಯಿ ಕಟ್ಟಿದಂತೆ. ಕಳ್ಳ ಒಳಗೇ ಇರುತ್ತಾನೆ.

ಲೆಕ್ಕ ಸರಳ. ಒಂದೂವರೆ ಟನ್ ಎಸಿ ಓಡುವಾಗ ಸುಮಾರು 7-8 ಆಂಪ್ಸ್ ಎಳೆಯುತ್ತದೆ. ಹಳೆಯ ಮಾದರಿಯದಾದರೆ ಶುರುವಾಗುವ ಕ್ಷಣ ಅದರ ಹಲವು ಪಟ್ಟು. ನಮ್ಮ ಹಳ್ಳಿ ಮನೆಗಳಲ್ಲಿ ಫ್ಯಾನು, ಬಲ್ಬಿಗೆ ಅಂತ ಎಳೆದದ್ದು 1 ಅಥವಾ 1.5 ಚದರ ಮಿ.ಮೀ. ವೈರ್. ಎಸಿಗೆ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಬೇಕು. 4 ಚದರ ಮಿ.ಮೀ. ತಾಮ್ರದ ವೈರ್, ಅದಕ್ಕೆ ತಕ್ಕ ಎಂಸಿಬಿ ಇರಬೇಕು.

ಎಂಸಿಬಿ ಹೇಗೆ ಬೀಳುತ್ತದೆ ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ. ಎಸಿ ಹಾಕಿದ ಕೂಡಲೇ ಬಿದ್ದರೆ ಎಲ್ಲೋ ಶಾರ್ಟ್ ಇರುವ ಸಾಧ್ಯತೆ ಹೆಚ್ಚು, ಮತ್ತೆ ಮತ್ತೆ ಎತ್ತಬೇಡಿ. ಹತ್ತು-ಇಪ್ಪತ್ತು ನಿಮಿಷ ಬಿಟ್ಟು ಬಿದ್ದರೆ ಲೋಡ್ ಹೆಚ್ಚಾಗಿದೆ, ಇಲ್ಲವೇ ಸ್ಕ್ರೂ ಸಡಿಲವಾಗಿ ಬಿಸಿಯಾಗುತ್ತಿದೆ. ಪ್ಲಗ್ಗಿನ ಕಡ್ಡಿ ಕಪ್ಪಾಗಿದ್ದರೆ ಅದೇ ಸಾಕ್ಷಿ. ಎಸಿ ಹೊತ್ತಿಕೊಳ್ಳುವುದೇ ಇಲ್ಲ ಅಂದರೆ ಮೊದಲು ರಿಮೋಟ್ ಸೆಲ್ ನೋಡಿ, ಮೂರು ನಿಮಿಷ ಕಾಯಿರಿ. ಸ್ಟೆಬಿಲೈಸರ್ ತಡಮಾಡಿಯೇ ಕರೆಂಟ್ ಬಿಡುತ್ತದೆ.

ಒಳಗೆ ಗಾಳಿ ಬರುತ್ತದೆ, ತಂಪಿಲ್ಲ, ಹೊರಗಿನ ಯೂನಿಟ್ ಬರೀ ಗುಂಯ್ ಅನ್ನುತ್ತದೆ ಅಂದರೆ ವೋಲ್ಟೇಜ್ ಕಡಿಮೆ ಇರಬಹುದು, ಇಲ್ಲವೇ ಕೆಪಾಸಿಟರ್ ಹೋಗಿರಬಹುದು. ಆದರೆ ಆ ಡಬ್ಬಿ ಬಿಚ್ಚಬೇಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಹೊಡೆಯುತ್ತದೆ. ಅದು ಬಲ್ಲವರ ಕೆಲಸ.

ಇನ್ನು ಅರ್ಥಿಂಗ್. ಎಷ್ಟೋ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತು ಖಾಲಿ. ಕೆಲವರು ಇನ್ನೂ ಕೆಟ್ಟದ್ದು ಮಾಡುತ್ತಾರೆ, ಆ ತೂತಿಗೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರ್ ಸೇರಿಸುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಎಸಿಯ ತಗಡಿನ ಮೈಯಲ್ಲೇ ಕರೆಂಟ್. ಹೊರಗಿನ ಯೂನಿಟ್ ಪಕ್ಕ ಬಟ್ಟೆ ಒಣಹಾಕುವ ತಂತಿ ಇರುತ್ತದೆ, ಮಕ್ಕಳು ಆಡುತ್ತಿರುತ್ತಾರೆ. ಸರಿಯಾದ ಅರ್ಥಿಂಗ್ ಗುಂಡಿ ಇದ್ದರೂ ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅದು ಕೆಲಸ ಮಾಡುವುದು ಕಷ್ಟ. ಎಸಿ ಓಡುವುದೂ ಅದೇ ಬೇಸಿಗೆಯಲ್ಲಿ. ಎರಡು ದಿನಕ್ಕೊಮ್ಮೆ ಗುಂಡಿಗೆ ಒಂದು ಕೊಡ ನೀರು ಹಾಕಿ. ಬೋರ್ಡಿನಲ್ಲಿ 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ವೈರ್ ಉಳಿಸಿದರೆ ಇದು ಜೀವ ಉಳಿಸುತ್ತದೆ.

ವೋಲ್ಟೇಜ್ ಮಾತು ಬೇರೆಯೇ ಇದೆ. ಮನೆಗೆ ಬರಬೇಕಾದದ್ದು 230. ನಮ್ಮ ಓಣಿಯಲ್ಲಿ ರಾತ್ರಿ ಎಂಟಕ್ಕೆ ಮೀಟರ್ ಇಟ್ಟು ನೋಡಿದರೆ 180. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇರುವ ಜಿಲ್ಲೆ ನಮ್ಮದು! ಕಾಲುವೆಯ ಕೊನೆ ಭಾಗದ ಗದ್ದೆಗೆ ನೀರು ತಲುಪದ ಹಾಗೆ ಲೈನಿನ ಕೊನೆ ಮನೆಗೆ ವೋಲ್ಟೇಜ್ ತಲುಪುವುದಿಲ್ಲ. ಸ್ಟೆಬಿಲೈಸರ್ ಹಾಕಿದರೆ ಎಸಿ ಓಡಬಹುದು, ಆದರೆ ಅದು ಲೈನಿನಿಂದ ಇನ್ನಷ್ಟು ಆಂಪ್ಸ್ ಎಳೆಯುತ್ತದೆ. ಪಕ್ಕದ ಮನೆಯ ಬಲ್ಬ್ ಮತ್ತೂ ಮಂಕಾಗುತ್ತದೆ.

ಇದರಲ್ಲಿ ನಮ್ಮ ತಪ್ಪೂ ಇದೆ. ಎಸಿ ತಂದವರು ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳುವುದಿಲ್ಲ, ನಿಗದಿತ ಶುಲ್ಕ ಏರುತ್ತದೆ ಅಂತ. ಏರುತ್ತದೆ, ಸುಳ್ಳಲ್ಲ. ಆದರೆ ಕಾಗದದ ಮೇಲೆ ನಮ್ಮ ಓಣಿ ಇನ್ನೂ ಬಲ್ಬಿನ ಓಣಿಯಾಗಿಯೇ ಇದ್ದರೆ ದೊಡ್ಡ ಟ್ರಾನ್ಸ್‌ಫಾರ್ಮರ್ ಯಾವ ಆಧಾರದ ಮೇಲೆ ಕೇಳುತ್ತೀರಿ? ಲೋಡ್ ಬರೆಸಿ, ಆಮೇಲೆ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಂಡು ಜೋರಾಗಿ ಕೇಳಿ.

ಮಾರುವವರಿಗೂ ಒಂದು ಮಾತು. ಡಬ್ಬಿ ಗೋಡೆಗೆ ನೇತುಹಾಕಿ ಫೋಟೋ ತೆಗೆದರೆ ಫಿಟ್ಟಿಂಗ್ ಮುಗಿಯುವುದಿಲ್ಲ. ಅರ್ಥಿಂಗ್, ವೋಲ್ಟೇಜ್, ವೈರಿನ ದಪ್ಪ, ಈ ಮೂರನ್ನೂ ಅಳೆದು ಬರೆದುಕೊಡದೆ ಯಾರೂ ಎಸಿ ಚಾಲೂ ಮಾಡಬಾರದು. ಕೊಳ್ಳುವ ನಾವು ಇದನ್ನು ಕೇಳದಿದ್ದರೆ ಅವರು ಕೊಡುವುದಿಲ್ಲ.

ನಲವತ್ತು ಸಾವಿರದ ಯಂತ್ರಕ್ಕೆ ಚೌಕಾಸಿ ಮಾಡದ ನಾವು, ನಾಲ್ಕೈದು ಸಾವಿರದ ವೈರ್ ಕೆಲಸಕ್ಕೆ ಹಿಂದೆಮುಂದೆ ನೋಡುತ್ತೇವೆ. ನಮ್ಮ ಮನೆಯಲ್ಲೂ ಆದದ್ದು ಅದೇ. ಇವತ್ತು ಎಸಿ ಹಾಕುವ ಮುಂಚೆ ಒಮ್ಮೆ ನಿಮ್ಮ ಬೋರ್ಡ್ ನೋಡಿ. ಎಂಸಿಬಿ ಮೇಲೆ 32 ಅಂತ ಇದ್ದು ಗೋಡೆಯೊಳಗೆ ಹಳೆಯ ಸಣ್ಣ ವೈರೇ ಇದ್ದರೆ, ಈ ರಾತ್ರಿ ಫ್ಯಾನಿನಡಿ ಮಲಗಿ. ನಾಳೆ ಬೆಳಿಗ್ಗೆಯೇ ಬಲ್ಲ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.