ಫೈನಲ್ ಫ್ಯಾಂಟಸಿಯ ನೂತನ ಮಾರ್ಗ

ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯವರು ೨೦೨೩ನೆಯ ಇಸವಿ ಜೂನ್ ತಿಂಗಳಲ್ಲಿ ಪ್ರಕಟಿಸಿದ ‘ಫೈನಲ್ ಫ್ಯಾಂಟಸಿ’ ಮಾಲೆಯ ಹದಿನಾರನೆಯ ಆಟವು ಆ ಮಾಲೆಯ ಹಳೆಯ ಅಭಿಮಾನಿಗಳಲ್ಲಿ ಎಬ್ಬಿಸಿದ ವಾದವಿವಾದವು ಇನ್ನೂ ಅಡಗಿಲ್ಲ. ವಿಡಿಯೋ ಆಟವೊಂದರ ವಿಷಯಕ್ಕೆ ಈ ಪುಟದಲ್ಲಿ ಸ್ಥಳವೇಕೆಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಮೂರೂವರೆ ದಶಕಗಳ ಕಾಲ ದೇಶದೇಶಗಳ ಜನರ ಮನಸ್ಸನ್ನು ಆಳಿದ ಒಂದು ಕಲೆಯು, ತನಗೆ ಕೀರ್ತಿಯನ್ನು ತಂದ ಸ್ವಂತ ಪದ್ಧತಿಯನ್ನು ಮಾರುಕಟ್ಟೆಯ ಭಯದಿಂದ ಕೈಬಿಡುವುದು ಉಚಿತವೇ ಎಂಬ ಪ್ರಶ್ನೆಯು ಕೇವಲ ಆಟಕ್ಕೆ ಸಂಬಂಧಪಟ್ಟುದಲ್ಲ. ಕೈಮಗ್ಗಕ್ಕೂ ಸಂಗೀತಕ್ಕೂ ಭಾಷೆಗೂ ಅದೇ ಪ್ರಶ್ನೆಯು ಅನ್ವಯಿಸುತ್ತದೆ. ಈ ಮಾಲೆಯನ್ನು ಬಹುಕಾಲದಿಂದ ಪ್ರೀತಿಸುತ್ತ ಬಂದಿರುವ ನಮ್ಮಂಥವರಲ್ಲಿ ಪ್ರಕೃತ ಸಂತೋಷ ವಿಷಾದಗಳೆರಡೂ ಬೆರೆತಿವೆ. ಎರಡಕ್ಕೂ ಕಾರಣವುಂಟು.

ಮೊದಲು ಪೂರ್ವವೃತ್ತಾಂತವನ್ನು ಸ್ಮರಿಸುವುದು ಯುಕ್ತ. ಆಟಗಾರನು ಕಥೆಯೊಳಗಿನ ಪಾತ್ರವೊಂದನ್ನು ವಹಿಸಿ ಸಾಹಸಗಳಲ್ಲಿ ತೊಡಗುವ ‘ರೋಲ್ ಪ್ಲೇಯಿಂಗ್’ ಎಂಬ ಬಗೆಯ ಆಟವು ಅಮೆರಿಕದಲ್ಲಿ ೧೯೭೪ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಿಂದ ಪ್ರಸಿದ್ಧಿಗೆ ಬಂದಿತು. ಮೇಜಿನ ಸುತ್ತ ಕುಳಿತು ಕಾಗದ ದಾಳಗಳಿಂದ ಆಡುತ್ತಿದ್ದ ಆ ಆಟದ ಮರ್ಮವನ್ನು ಜಪಾನಿನವರು ಎರವಲು ತಂದರು. ಆದರೆ ಎರವಲಾಗಿಯೇ ಇಟ್ಟುಕೊಳ್ಳಲಿಲ್ಲ. ಹಿರೊನೊಬು ಸಕಾಗುಚಿ ಅವರ ನೇತೃತ್ವದಲ್ಲಿ ೧೯೮೭ರ ಡಿಸೆಂಬರಿನಲ್ಲಿ ಹೊರಬಂದ ಮೊದಲನೆಯ ಫೈನಲ್ ಫ್ಯಾಂಟಸಿಯಲ್ಲಿ ನಾಲ್ವರು ವೀರರು ಒಂದು ಕಡೆ, ಶತ್ರುಗಳು ಇನ್ನೊಂದು ಕಡೆ ನಿಲ್ಲುವರು. ಯಾರು ಖಡ್ಗವನ್ನು ಬೀಸಬೇಕು, ಯಾರು ಮಂತ್ರವನ್ನು ಪ್ರಯೋಗಿಸಬೇಕು, ಯಾರು ಗಾಯಗೊಂಡವನನ್ನು ಉಪಚರಿಸಬೇಕೆಂಬುದನ್ನು ಆಟಗಾರನು ಸಾವಕಾಶವಾಗಿ ಯೋಚಿಸಿ ಆಜ್ಞಾಪಿಸುವನು. ಆ ಮೇಲೆ ಸರದಿಯ ಪ್ರಕಾರ ಕಾಳಗವು ನಡೆಯುವುದು. ಚದುರಂಗವು ಹುಟ್ಟಿದ ನಾಡಿನವರಾದ ನಮಗೆ ಈ ಪದ್ಧತಿಯ ಸೊಗಸನ್ನು ವಿವರಿಸಿ ಹೇಳಬೇಕಾದುದಿಲ್ಲ. ಇಲ್ಲಿ ವಿವೇಚನೆಯೇ ಬಲ. ವೃದ್ಧನೂ ಬಾಲಕನೂ, ಚುರುಕು ಬೆರಳಿನವನೂ ನಡುಗುವ ಕೈಯವನೂ ಸಮಾನರು.

೧೯೯೧ರ ನಾಲ್ಕನೆಯ ಆಟದಲ್ಲಿ ಹಿರೊಯುಕಿ ಇಟೊ ಅವರು ಈ ಪದ್ಧತಿಗೆ ಕಾಲದ ಓಟವನ್ನು ಸೇರಿಸಿದುದರಿಂದ, ಆಟಗಾರನು ತಡಮಾಡಿದರೆ ಶತ್ರುವು ಕಾಯದೆ ಹೊಡೆಯುವಂತಾಯಿತು. ಆದರೂ ಆಜ್ಞೆ ಕೊಡುವ ಅಧಿಕಾರವು ಆಟಗಾರನಲ್ಲಿಯೇ ಉಳಿಯಿತು. ೧೯೯೭ರ ಏಳನೆಯ ಆಟವು ಪ್ಲೇಸ್ಟೇಷನ್ ಯಂತ್ರದ ಮೂಲಕ ಪಾಶ್ಚಾತ್ಯ ರಾಷ್ಟ್ರಗಳನ್ನೂ ಗೆದ್ದು, ಕಾಲಕ್ರಮದಲ್ಲಿ ಒಂದು ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾದುವು. ಅದರ ಕಥೆಯ ನಡುವೆ ಏರಿತ್ ಎಂಬ ಯುವತಿಯು ಕೊಲೆಯಾಗುವ ಪ್ರಸಂಗವನ್ನು ಆಡಿದವರು ಇಂದಿಗೂ ಮರೆತಿಲ್ಲ. ಆ ನೋವು ಅಷ್ಟು ತೀವ್ರವಾದುದೇಕೆ? ಅದೆಷ್ಟೋ ಕಾಳಗಗಳಲ್ಲಿ ಆಕೆಯು ನಮ್ಮ ಆಜ್ಞೆಯನ್ನು ಕೇಳಿ ನಮ್ಮವರ ಗಾಯಗಳನ್ನು ಮಾಯಿಸಿದ್ದಳು. ಆಕೆಯು ಹೋದ ಬಳಿಕ ಪಂಗಡದಲ್ಲಿ ಆಕೆಯ ಸ್ಥಾನವು ಬರಿದಾದುದು ಕಣ್ಣಿಗೆ ಕಾಣುತ್ತಿತ್ತು. ಕಾಳಗದ ಪದ್ಧತಿಯೂ ಕಥೆಯ ರಸವೂ ಬೇರೆಬೇರೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಹೀಗೆಂದ ಮಾತ್ರಕ್ಕೆ ಬದಲಾವಣೆಯನ್ನೇ ವಿರೋಧಿಸುವವರ ಪಕ್ಷವನ್ನು ನಾವು ವಹಿಸಲಾರೆವು. ಈ ಮಾಲೆಯ ಪ್ರತಿಯೊಂದು ಅಂಕೆಯೂ ಪ್ರಾಯಶಃ ಹೊಸ ಲೋಕ, ಹೊಸ ಜನ, ಹೊಸ ನಿಯಮ. ೨೦೦೨ರ ಹನ್ನೊಂದನೆಯ ಆಟವು ಸಹಸ್ರಾರು ಜನರು ಅಂತರ್ಜಾಲದ ಮೂಲಕ ಒಟ್ಟಿಗೆ ಆಡುವಂಥದಾಯಿತು. ೨೦೦೬ರ ಹನ್ನೆರಡನೆಯದು ಪ್ರತ್ಯೇಕ ರಣರಂಗವನ್ನು ತೆಗೆದುಹಾಕಿತು. ೨೦೧೬ರ ಹದಿನೈದನೆಯದು ಆಟಗಾರನ ಕೈಗೇ ಕತ್ತಿಯನ್ನು ಕೊಟ್ಟಿತು. ಹದಿನಾರನೆಯದು ಆ ಹಾದಿಯನ್ನು ಕೊನೆಮುಟ್ಟಿಸಿದೆ, ಅಷ್ಟೆ.

ಅದರ ಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಹುಟ್ಟಿನಿಂದ ಮಂತ್ರಶಕ್ತಿಯುಳ್ಳವರ ಮುಖದ ಮೇಲೆ ಮುದ್ರೆಯೊತ್ತಿ ಅವರನ್ನು ಗುಲಾಮರಂತೆ ದುಡಿಸಿಕೊಳ್ಳುವ ಒಂದು ಭೂಖಂಡವು ಅಲ್ಲಿ ಚಿತ್ರಿತವಾಗಿದೆ. ರಾಜಪುತ್ರನಾಗಿದ್ದರೂ ಮುದ್ರೆಯೊತ್ತಿಸಿಕೊಂಡ ಕ್ಲೈವ್ ಎಂಬವನು ಅಂಥವರ ಬಿಡುಗಡೆಗಾಗಿ ಹೋರಾಡುವನು. ಪರಾಧೀನತೆಯ ಕಹಿಯನ್ನು ಉಂಡ ಜನಾಂಗಕ್ಕೆ ಈ ಕಥೆಯು ಪರಕೀಯವೆನಿಸದು. ಮಸಾಯೋಶಿ ಸೊಕೆನ್ ಅವರ ಸಂಗೀತವು ಗಂಭೀರವಾಗಿದೆ. ಕಾಳಗವನ್ನು ರೂಪಿಸಿದ ರಿಯೋಟ ಸುಜುಕಿ ಅವರು ಕ್ಯಾಪ್‌ಕಾಮ್ ಸಂಸ್ಥೆಯಲ್ಲಿ ಹಸ್ತಲಾಘವದ ಆಟಗಳನ್ನು ನಿರ್ಮಿಸಿ ಪಳಗಿದವರು. ಆ ವಿದ್ಯೆಯೂ ಜಪಾನಿನ ಸ್ವಂತ ವಿದ್ಯೆಯೇ ಸರಿ.

ಆದರೆ ಕಳೆದುಕೊಂಡುದೇನು? ಆಟಗಾರನು ಪಂಗಡದ ನಾಯಕನಾಗಿದ್ದವನು ಈಗ ಒಂಟಿ ಕಲಿಯಾಗಿದ್ದಾನೆ. ಜೊತೆಗಾರರು ಪಕ್ಕದಲ್ಲಿ ಹೋರಾಡುವರು, ಮಾತನಾಡುವರು, ಹೋಗುವರು. ಆದರೆ ಕಾಳಗದಲ್ಲಿ ಆಟಗಾರನ ಆಜ್ಞೆಯನ್ನು ಕೇಳುವುದು ಟಾರ್ಗಲ್ ಎಂಬ ನಾಯಿಯೊಂದೇ. ದಾಸ್ಯವಿಮೋಚನೆಯು ಹಲವರು ಕೂಡಿ ಮಾಡುವ ಕಾರ್ಯವೆಂದು ಕಥೆಯು ಹೇಳುತ್ತಿದ್ದರೆ, ಎಲ್ಲವೂ ಒಬ್ಬನ ತೋಳಿನಲ್ಲಿದೆಯೆಂದು ಆಟವು ಹೇಳುತ್ತದೆ. ಬೆರಳು ಚುರುಕಿಲ್ಲದವರಿಗಾಗಿ ಐದು ಬಗೆಯ ಸಹಾಯಕ ಒಡವೆಗಳನ್ನು ಒದಗಿಸಿದ್ದಾರೆ: ಒಂದನ್ನು ಧರಿಸಿದರೆ ಪೆಟ್ಟು ತಾನಾಗಿ ತಪ್ಪುವುದು, ಇನ್ನೊಂದನ್ನು ಧರಿಸಿದರೆ ಒಂದೇ ಗುಂಡಿಯನ್ನು ಒತ್ತುತ್ತ ಹೋದರೆ ಸಾಕು. ಅವರ ಉದ್ದೇಶವು ಸ್ತುತ್ಯವೇ. ಆದರೆ ಹಿಂದೆ ನಿಧಾನದ ಕೈಯವನು ತನ್ನ ಬುದ್ಧಿಯಿಂದ ಗೆಲ್ಲುತ್ತಿದ್ದನು. ಈಗ ಅವನ ಪರವಾಗಿ ಯಂತ್ರವು ಗೆಲ್ಲುವುದು. ಸಮಾನನಾಗಿದ್ದವನಿಗೆ ಈಗ ದೊರೆತಿರುವುದು ಕರುಣೆ.

ಇಂದಿನ ತರುಣರಿಗೆ ಆಜ್ಞೆಗಳನ್ನು ಆರಿಸಿ ಆಡುವ ಕ್ರಮವು ರುಚಿಸದೆಂಬ ಅಭಿಪ್ರಾಯವು ಹೆಚ್ಚುತ್ತಿದೆಯೆಂದು ನಿರ್ಮಾಪಕರಾದ ನಾವೊಕಿ ಯೋಶಿದ ಅವರು ೨೦೨೨ರಲ್ಲಿ ತಿಳಿಸಿದ್ದರು. ಹಣ ಹೂಡುವವರ ಈ ಆತಂಕವು ನಮಗೆ ಅರ್ಥವಾಗದೆ ಇಲ್ಲ. ಆದರೆ ವಸ್ತುಸ್ಥಿತಿಯು ಬೇರೆ ಸಾಕ್ಷ್ಯವನ್ನು ನುಡಿಯುತ್ತಿದೆ. ಅದೇ ೨೦೨೨ರ ನವೆಂಬರಿನಲ್ಲಿ ಬಂದ, ಸರದಿ ಪದ್ಧತಿಯನ್ನೇ ಅನುಸರಿಸಿದ ಪೋಕೆಮಾನ್‌ನ ‘ಸ್ಕಾರ್ಲೆಟ್’ ಮತ್ತು ‘ವಯೊಲೆಟ್’ ಆಟಗಳ ಒಂದು ಕೋಟಿ ಪ್ರತಿಗಳು ಮೂರೇ ದಿನಗಳಲ್ಲಿ ಮಾರಾಟವಾದುವು. ಅದನ್ನು ಆಡುವವರಲ್ಲಿ ಬಾಲಕರೇನು ಕಡಮೆಯೆ? ೨೦೨೩ರಲ್ಲಿ ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆಯವರ ‘ಬಾಲ್ಡರ್ಸ್ ಗೇಟ್’ ಮೂರನೆಯ ಆಟವು ಸರದಿಯ ಕಾಳಗವನ್ನೇ ಇಟ್ಟುಕೊಂಡು ವರ್ಷದ ಶ್ರೇಷ್ಠ ಆಟವೆಂದು ಗೌರವವನ್ನು ಪಡೆಯಿತು. ೨೦೨೫ರ ಏಪ್ರಿಲಿನಲ್ಲಿ ಫ್ರಾನ್ಸಿನ ಸ್ಯಾಂಡ್‌ಫಾಲ್ ಎಂಬ ಸಣ್ಣ ಸಂಸ್ಥೆಯವರು ಫೈನಲ್ ಫ್ಯಾಂಟಸಿಯೇ ತಮಗೆ ಸ್ಫೂರ್ತಿಯೆಂದು ಹೇಳಿಕೊಂಡು, ಸರದಿಯ ಕ್ರಮಕ್ಕೆ ಸಮಯಸ್ಫೂರ್ತಿಯ ಪೆಟ್ಟು ತಪ್ಪಿಸುವಿಕೆಯನ್ನು ಸೇರಿಸಿ ‘ಕ್ಲೇರ್ ಆಬ್ಸ್ಕ್ಯೂರ್’ ಎಂಬ ಆಟವನ್ನು ಹೊರತಂದು ಜಗತ್ತನ್ನು ಬೆರಗುಗೊಳಿಸಿದರು. ಮನೆಯವರು ಅಟ್ಟಕ್ಕೆ ಎಸೆದ ವೀಣೆಯನ್ನು ನೆರೆಯವರು ಎತ್ತಿಕೊಂಡು ನುಡಿಸಿದಂತಾಯಿತು.

ಇತ್ತ ಆ ಮನೆಯವರು ಮಾಡಿದುದೇನು? ಹದಿನಾರನೆಯ ಆಟದ ಮುಖ್ಯ ಕೆಲಸಗಾರರಿಗೆ ಪಾಶ್ಚಾತ್ಯರ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯನ್ನು ನೋಡುವಂತೆ ತಿಳಿಸಲಾಗಿತ್ತೆಂದು ಯೋಶಿದ ಅವರೇ ಹೇಳಿದ್ದಾರೆ. ಪರರಿಂದ ಕಲಿಯುವುದು ದೋಷವಲ್ಲ. ೧೯೮೭ರಲ್ಲಿಯೂ ಅವರು ಪರರಿಂದಲೇ ಕಲಿತರಷ್ಟೆ. ಆದರೆ ಅಂದು ತಂದುದನ್ನು ಕರಗಿಸಿ ತಮ್ಮದನ್ನಾಗಿ ಮಾಡಿಕೊಂಡರು. ಇಂದು ಪರರದು ಬಂದು, ತಮ್ಮದು ಮನೆಯನ್ನು ಬಿಟ್ಟಿತು.

ಮಧ್ಯಮಾರ್ಗವು ಇಲ್ಲದೆ ಇಲ್ಲ. ಅದನ್ನು ತೋರಿಸಿದವರೂ ಆ ಸಂಸ್ಥೆಯವರೇ. ೨೦೨೦ರಲ್ಲಿ ಪುನರ್ನಿರ್ಮಿತವಾದ ಏಳನೆಯ ಆಟದಲ್ಲಿ ಕತ್ತಿಯನ್ನು ಕೈಯಾರ ಬೀಸಬಹುದು. ಆಜ್ಞೆ ಕೊಡಬೇಕಾದಾಗ ಕಾಲವು ಬಹುಮಟ್ಟಿಗೆ ನಿಲ್ಲುವುದು. ಜೊತೆಗಾರರೆಲ್ಲರೂ ಮಾತನ್ನು ಕೇಳುವರು. ಬೇಕೆಂದವರಿಗೆ ಕೇವಲ ಆಜ್ಞೆಯಿಂದಲೇ ಆಡುವ ‘ಕ್ಲಾಸಿಕ್’ ಕ್ರಮವನ್ನೂ ಅಲ್ಲಿ ಇಟ್ಟಿದ್ದರು. ಹೊಸಬರೂ ಬಂದರು, ಹಳಬರೂ ಹೊರಗಾಗಲಿಲ್ಲ.

ಮುಂದಿನ ಅಂಕೆಯ ಆಟವನ್ನು ರೂಪಿಸುವವರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಹೊಸ ಲೋಕವನ್ನು ಕಟ್ಟಿರಿ, ಹೊಸ ವೇಗವನ್ನೂ ತನ್ನಿರಿ. ಆದರೆ ಯೋಚಿಸುವ ಅವಕಾಶವನ್ನೂ, ಜೊತೆಗಾರರನ್ನು ನಡೆಸುವ ಹೊಣೆಯನ್ನೂ ಆಟಗಾರನಿಂದ ಕಸಿದುಕೊಳ್ಳಬೇಡಿರಿ. ಅವೆರಡೂ ಉಳಿದರೆ ಆಟವು ಯಾವ ವೇಷದಲ್ಲಿ ಬಂದರೂ ನಾವು ಅದನ್ನು ಗುರುತಿಸುವೆವು. ಅವು ಹೋದ ಬಳಿಕ ಉಳಿಯುವುದು ಹೆಸರು ಮಾತ್ರ.