ದೋಣಿಗೊಂದು ನೆರಳು

ನಮ್ಮ ಬಳ್ಳಾರಿ ಸೀಮೆಯವರಿಗೆ ನೆರಳಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುರುಗೋಡಿನ ಬಂಡೆಗುಡ್ಡದ ಪಕ್ಕ ಬೇಸಿಗೆಯ ರಾತ್ರಿ ಎಂಟು ಗಂಟೆಗೆ ನಿಂತು ನೋಡಿ. ಸೂರ್ಯ ಮುಳುಗಿ ಹೊತ್ತಾಗಿದ್ದರೂ ಕಲ್ಲು ಮುಖಕ್ಕೆ ಬಿಸಿ ಉಗುಳುತ್ತಲೇ ಇರುತ್ತದೆ. ಆದರೆ ನೆರಳು ಮಾಡಿಕೊಳ್ಳುವುದರಲ್ಲೂ ಅಪಾಯ ಇರಬಹುದು ಎಂಬುದು ನನಗೆ ಮನವರಿಕೆಯಾದದ್ದು ಹೊಲದಲ್ಲಲ್ಲ, ಹೊಳೆಯಲ್ಲಿ.

ಸಿರುಗುಪ್ಪ ತಾಲ್ಲೂಕಿನ ತುಂಗಭದ್ರಾ ದಂಡೆಯ ಹಳ್ಳಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನ ತಂದೆ ಹರಿಗೋಲು ಹಾಕುತ್ತಿದ್ದವರು. ಮಗ ಫೈಬರ್ ದೋಣಿಗೆ ಎಂಜಿನ್ ಕೂರಿಸಿಕೊಂಡಿದ್ದಾನೆ. ಆಚೆ ದಂಡೆಯಿಂದ ಈಚೆ ದಂಡೆಗೆ ಜನ ದಾಟಿಸುವುದು ಕಸುಬು. ದಾಟಲು ಐದೇ ನಿಮಿಷ, ಆದರೆ ದೋಣಿ ತುಂಬುವ ತನಕ ಅರ್ಧ ಗಂಟೆ ಕಾಯಬೇಕು. ಹೋದ ವರ್ಷ ಅಕ್ಟೋಬರಿನ ಬಿಸಿಲಿನಲ್ಲಿ ಹಾಗೆ ಕಾಯುತ್ತ ಕುಳಿತ ಶಾಲೆಯ ಹುಡುಗಿಯೊಬ್ಬಳು ತಲೆ ತಿರುಗಿ ಬಿದ್ದಳಂತೆ. ಆಮೇಲೆ ಫೋನ್ ಬಂತು. “ಸಾರ್, ದೋಣಿ ಮ್ಯಾಲೆ ತಗಡು ಹಾಕ್ಸೀವಿ. ಆದ್ರ ಯಾಕೋ ಓಲಾಡತೈತ್ರಿ. ಒಂದ್ಸಲ ಬಂದು ನೋಡ್ರಿ.”

ಹೋಗಿ ನೋಡಿದೆ. ನೀರಿನ ಕೊಳಾಯಿಗೆ ಹಾಕುವ ಒಂದಿಂಚಿನ ಕಬ್ಬಿಣದ ಪೈಪಿನಿಂದ ಚೌಕಟ್ಟು, ಅದರ ಮೇಲೆ ತಗಡು, ಆಳು ನಿಂತು ಹೋಗುವಷ್ಟು ಎತ್ತರ. ಕೆಲಸ ಗಟ್ಟಿಯಾಗಿತ್ತು. ಗಟ್ಟಿಯಾಗಿದ್ದುದೇ ತೊಂದರೆ. ಮಾಡಿನ ಮೇಲೆ ಎರಡು ಈರುಳ್ಳಿ ಚೀಲವೂ ಇದ್ದವು. ತಗಡು ತಡೆಯುತ್ತದೆ ಎಂದ ಮೇಲೆ ನಮ್ಮ ಜನ ಸಾಮಾನು ಹೇರದೆ ಬಿಡುತ್ತಾರೆಯೇ?

ಮಕ್ಕಳೇ, ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಆ ಪೈಪು ಮೀಟರಿಗೆ ಸುಮಾರು 2.4 ಕಿಲೋ ತೂಗುತ್ತದೆ. 15 ಮೀಟರಿಗೆ 36 ಕಿಲೋ. ತಗಡು ಚದರ ಮೀಟರಿಗೆ ನಾಲ್ಕೂವರೆ ಕಿಲೋ ಎಂದರೆ, 3 ಮೀಟರ್ ಉದ್ದ, ಒಂದೂಮುಕ್ಕಾಲು ಮೀಟರ್ ಅಗಲದ ಮಾಡಿಗೆ 24 ಕಿಲೋ. ಒಟ್ಟು 60. ಒಬ್ಬ ಮನುಷ್ಯನ ತೂಕ ಅಷ್ಟೇ ತಾನೆ ಅನ್ನಬೇಡಿ. ಮನುಷ್ಯ ಕೆಳಗೆ ಕೂರುತ್ತಾನೆ. ಇದು ತಲೆಯ ಮೇಲಿದೆ. ದೋಣಿ, ಎಂಜಿನ್, ಎಂಟು ಜನ ಎಲ್ಲ ಸೇರಿ 770 ಕಿಲೋ ಎಂದೂ, ಅವೆಲ್ಲದರ ಗುರುತ್ವ ಕೇಂದ್ರ ದೋಣಿಯ ತಳದಿಂದ ಅರ್ಧ ಮೀಟರ್ ಮೇಲಿದೆ ಎಂದೂ ಇಟ್ಟುಕೊಳ್ಳಿ. ಸರಾಸರಿ 1.6 ಮೀಟರ್ ಎತ್ತರದಲ್ಲಿ ಈ 60 ಕಿಲೋ ಸೇರಿಸಿದರೆ ಗುರುತ್ವ ಕೇಂದ್ರ 8 ಸೆಂಟಿಮೀಟರ್ ಮೇಲಕ್ಕೇರುತ್ತದೆ. ಚಿಕ್ಕ ದೋಣಿಗೆ ಅದು ಸಣ್ಣ ಮಾತಲ್ಲ.

ದೋಣಿ ಓಲಿದಾಗ ಅದನ್ನು ಮತ್ತೆ ನೆಟ್ಟಗೆ ಮಾಡುವುದು ನೀರು. ಓಲಿದ ಬದಿ ಹೆಚ್ಚು ಮುಳುಗುತ್ತದೆ, ಆ ಬದಿಯಲ್ಲಿ ನೀರಿನ ಮೇಲ್ಮುಖ ಒತ್ತು ಹೆಚ್ಚುತ್ತದೆ. ಆ ಒತ್ತು ಹಾದುಹೋಗುವ ಗೆರೆ ದೋಣಿಯ ನಡುಗೆರೆಯನ್ನು ಸಂಧಿಸುವ ಬಿಂದುವಿಗೆ ಫ್ರಾನ್ಸಿನ ಪಿಯರ್ ಬೂಗೇರ್ 1746ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮೆಟಾಸೆಂಟರ್ ಎಂದು ಹೆಸರಿಟ್ಟ. ಗುರುತ್ವ ಕೇಂದ್ರ ಈ ಬಿಂದುವಿನ ಕೆಳಗಿರುವ ತನಕ ದೋಣಿ ತಾನಾಗಿ ನೆಟ್ಟಗಾಗುತ್ತದೆ. ಮೇಲೇರಿತೋ, ಅದೇ ನೀರು ದೋಣಿಯನ್ನು ಮಗುಚುತ್ತದೆ. ಮನೆಯಲ್ಲೇ ನೋಡಬಹುದು. ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯೊಂದರ ನಡುವೆ ಜೇಡಿಮಣ್ಣಿನಲ್ಲಿ ಒಂದು ಕಡ್ಡಿ ನಿಲ್ಲಿಸಿ ಬಕೀಟಿನ ನೀರಿನಲ್ಲಿ ತೇಲಿಬಿಡಿ. ಇನ್ನೊಂದು ಉಂಡೆ ಮಣ್ಣನ್ನು ಕಡ್ಡಿಯ ಬುಡಕ್ಕೆ ಅಂಟಿಸಿ ಡಬ್ಬಿಯನ್ನು ಮೆಲ್ಲಗೆ ಓಲಿಸಿ. ಆಮೇಲೆ ಅದೇ ಉಂಡೆಯನ್ನು ಬೆರಳಗಲ, ಬೆರಳಗಲ ಮೇಲಕ್ಕೆ ಸರಿಸುತ್ತ ಹೋಗಿ. ಒಂದು ಜಾಗಕ್ಕೆ ಬಂದಾಗ ಡಬ್ಬಿ ಮಗುಚುತ್ತದೆ. ಉಂಡೆಯ ತೂಕ ಮಾತ್ರ ಮೊದಲಿನಷ್ಟೇ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಸರೋವರದಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಬದಿಗೆ ಸರಿದರೆಂಬುದು ಆಗಿನ ವರದಿ. ಮೇಲೆ ಭಾರ ಇದ್ದಾಗ ಬದಿಗೆ ಸರಿಯುವುದೂ ದುಬಾರಿಯಾಗುತ್ತದೆ.

ಇನ್ನು ನಮ್ಮ ಹರಿಗೋಲಿನ ವಿಷಯ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಬುಟ್ಟಿಯ ಹಾಗೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಈ ಹೊಳೆಯನ್ನು ದಾಟುತ್ತಿದ್ದುದನ್ನು ಬರೆದಿದ್ದಾನೆ. ಹರಿಗೋಲಿಗೆ ಮಾಡು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಕೊಡೆ ಬಿಚ್ಚಿ ಕೂರುತ್ತಾರೆ, ಗಾಳಿ ಬಂದರೆ ಮಡಚುತ್ತಾರೆ. ಮೆಟಾಸೆಂಟರ್ ಹೆಸರು ಕೇಳದವರ ಈ ಅಭ್ಯಾಸದಲ್ಲೇ ನಮಗೆ ಬೇಕಾದ ಮಾಡಿನ ಲಕ್ಷಣವೆಲ್ಲ ಇದೆ: ಹಗುರ, ಕೆಳಗೆ ಇರುವುದು, ಮಡಚಲು ಬರುವುದು.

ಮೊದಲು ಎತ್ತರ. “ನಿಂತು ಹೋಗೋ ಹಾಂಗ ಇರ್ಲಿ” ಎಂಬುದು ಎಲ್ಲರ ಆಸೆ. ಆದರೆ ಎತ್ತರದ ಮಾಡು ನೆರಳನ್ನೂ ಸರಿಯಾಗಿ ಕೊಡುವುದಿಲ್ಲ. ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುವುದು ನಮ್ಮ ಬಳ್ಳಾರಿಯಲ್ಲಿ ವರ್ಷಕ್ಕೆ ಎರಡೇ ಸಲ, ಮೇ ಮೊದಲ ದಿನಗಳ ಹೊತ್ತಿಗೆ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ, ಅದೂ ನಡುಹಗಲಿಗೆ ಮಾತ್ರ. ಉಳಿದಂತೆ ಬಿಸಿಲು ಓರೆ. ಬಿಸಿಲು 45 ಡಿಗ್ರಿ ಓರೆಯಾಗಿ ಪಕ್ಕದಿಂದ ಬಂದರೆ ಮಾಡು ಎಷ್ಟು ಎತ್ತರವೋ ನೆರಳು ಅಷ್ಟೇ ಪಕ್ಕಕ್ಕೆ ಜಾರುತ್ತದೆ. ಕುಳಿತವನ ತೊಡೆಯಿಂದ ಒಂದೂವರೆ ಮೀಟರ್ ಮೇಲೆ ಮಾಡಿದ್ದರೆ, ಒಂದೂಮುಕ್ಕಾಲು ಮೀಟರ್ ಅಗಲದ ದೋಣಿಯಲ್ಲಿ ನೆರಳು ಉಳಿಯುವುದು ಒಂದು ಗೇಣಿಗಿಂತ ತುಸು ಹೆಚ್ಚು. ಮಿಕ್ಕ ನೆರಳು ಮೀನುಗಳಿಗೆ. ಮಾಡನ್ನು ಅರ್ಧ ಮೀಟರ್ ಇಳಿಸಿದರೆ ಮುಕ್ಕಾಲು ಮೀಟರ್ ನೆರಳು ಸಿಗುತ್ತದೆ. ಆದ್ದರಿಂದ ತಳದಿಂದ ಒಂದೂವರೆ ಮೀಟರ್ ಸಾಕೆಂದು ಹೇಳಿದೆ. ಹತ್ತುವಾಗ ಬಗ್ಗಬೇಕು, ಬಗ್ಗಲಿ. ಹಳೆಯ ಗುಡಿಗಳ ಬಾಗಿಲಲ್ಲಿ ಬಗ್ಗುವುದಿಲ್ಲವೇ?

ತಗಡಿಗೆ ಇನ್ನೊಂದು ದೋಷವಿದೆ. ಬಿಸಿಲಿಗೆ ಕಾದ ತಗಡು 60 ಡಿಗ್ರಿ ಮುಟ್ಟಿದರೆ, 40 ಡಿಗ್ರಿಯ ಮೈಗಿಂತ ಚದರ ಮೀಟರಿಗೆ ಸುಮಾರು 150 ವಾಟ್ ಹೆಚ್ಚು ಶಾಖವನ್ನು ಹೊರಸೂಸಬಲ್ಲದು. ಸ್ಟೀಫನ್ನನ ನಿಯಮದಿಂದ ಹತ್ತನೆಯ ತರಗತಿ ದಾಟಿದವರು ಲೆಕ್ಕ ಹಾಕಿ ನೋಡಬಹುದು. ಮಾಡನ್ನು ಕೆಳಗಿಳಿಸಿದ ಮೇಲೆ ಅದು ತಲೆಗೆ ಇನ್ನೂ ಹತ್ತಿರ. ಹಾಗಾಗಿ ಬಟ್ಟೆಯೇ ಸರಿ. ಹೊರಮೈ ತಿಳಿಬಣ್ಣದ್ದಿರಲಿ. ಒಳಮೈ ಕಡುಬಣ್ಣದ್ದಾದರೆ ನೀರಿನಿಂದ ಎದ್ದು ಬರುವ ಝಳ ಕಣ್ಣಿಗೆ ಮತ್ತೆ ಹೊಡೆಯುವುದಿಲ್ಲ. ಮಾಮೂಲಿ ತಾಡಪತ್ರಿ ಅಗ್ಗ, ಆದರೆ ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ತೋಟಗಾರಿಕೆಯವರ ಹಸಿರು ನೆರಳುಪರದೆ ಗಾಳಿಯನ್ನು ತೂರಿಹೋಗಲು ಬಿಡುತ್ತದೆ, ಅದು ಅದರ ದೊಡ್ಡ ಗುಣ, ಮಳೆ ತಡೆಯದು. ನಾನು ಆರಿಸಿದ್ದು ಚದರ ಮೀಟರಿಗೆ ಅರ್ಧ ಕಿಲೋ ತೂಗುವ ದಪ್ಪ ಕ್ಯಾನ್ವಾಸ್. ಹೊಲಿಸಿದ್ದು ಬಳ್ಳಾರಿಯಲ್ಲಿ. ಜೀನ್ಸ್ ಹೊಲಿಯುವ ಊರಿನಲ್ಲಿ ದಪ್ಪ ಬಟ್ಟೆಯ ಅಂಚನ್ನು ಒಂದರೊಳಗೊಂದು ಮಡಚಿ ಜೋಡಿ ಹೊಲಿಗೆ ಹಾಕುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ದಾರ ಮಾತ್ರ ಪಾಲಿಯೆಸ್ಟರಿನದೇ ಇರಲಿ ಎಂದು ಕೇಳಿಕೊಂಡೆ. ಹತ್ತಿಯ ದಾರ ನೀರು ಕುಡಿದು ಕೊಳೆಯುತ್ತದೆ.

ಚೌಕಟ್ಟಿಗೆ 25 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೊಳವೆ. ಮೀಟರಿಗೆ 400 ಗ್ರಾಂ ಕೂಡ ಇಲ್ಲ; 15 ಮೀಟರಿಗೆ 6 ಕಿಲೋ. ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಮೂರು ಪಟ್ಟು ತೂಗುತ್ತದೆ. ಕಮಾನಿನಂತೆ ಬಾಗಿಸಿದ ಮೂರು ಕೊಳವೆ, ಅವು ದೋಣಿಯ ಅಂಚಿನಲ್ಲಿ ಕೀಲಿನ ಮೇಲೆ ತಿರುಗುತ್ತವೆ. ಮುಂದಕ್ಕೂ ಹಿಂದಕ್ಕೂ ಎಳೆದು ಕಟ್ಟುವ ಪಟ್ಟಿಗಳು ಬಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಪಟ್ಟಿ ಬಿಚ್ಚಿದರೆ ಆಟೋ ಹುಡ್‌ನಂತೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಎಂಜಿನ್ ಮೇಲಕ್ಕೆತ್ತಲು ಜಾಗ ಬೇಕು, ನಡೆಸುವವನಿಗೆ ಮುಂದೆ ಕಾಣಬೇಕು. ಇವೆರಡನ್ನೂ ಕೊಳವೆ ಕತ್ತರಿಸುವ ಮೊದಲೇ ದೋಣಿಯಲ್ಲಿ ಕುಳಿತು ನೋಡಿದೆವು.

ಕೂರಿಸುವುದರಲ್ಲಿ ಜಗಳವಾಯಿತು. ಸ್ಕ್ರೂ ಸಾಕು ಎಂದು ಅವನು, ಬೋಲ್ಟೇ ಬೇಕು ಎಂದು ನಾನು. ಗಾಳಿಯ ಒತ್ತು ವೇಗದ ವರ್ಗದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತು ನಾಲ್ಕು ಪಟ್ಟು. ಎದುರುಗಾಳಿ ಗಂಟೆಗೆ 40 ಕಿಲೋಮೀಟರ್, ದೋಣಿಯದು 20. ಬಟ್ಟೆಗೆ ತಾಗುವುದು 60ರ ಗಾಳಿ. ಆಗ ಒತ್ತು ಚದರ ಮೀಟರಿಗೆ ಸುಮಾರು 17 ಕಿಲೋ ಭಾರದಷ್ಟು. ಮಾಡಿನ ಮುಂಭಾಗ ಮೇಲೆದ್ದು ಗಾಳಿ ಒಳನುಗ್ಗಿದರೆ ಐದು ಚದರ ಮೀಟರಿನ ಬಟ್ಟೆ ಗಾಳಿಪಟವಾಗುತ್ತದೆ, ಹತ್ತಿರ ಹತ್ತಿರ 90 ಕಿಲೋ ಎಳೆತ ಬೀಳಬಹುದು. ಫೈಬರಿಗೆ ಹಾಕಿದ ಸ್ಕ್ರೂ ಹಲ್ಲು ಕಿತ್ತಂತೆ ಕಿತ್ತುಬರುತ್ತದೆ. ಬೋಲ್ಟನ್ನು ಆರಪಾರು ಹಾಯಿಸಿ, ಒಳಬದಿಯಲ್ಲಿ ಅಂಗೈಯಗಲದ ಅಲ್ಯೂಮಿನಿಯಂ ಪಟ್ಟಿ, ಅಗಲದ ವಾಷರ್, ಸಡಿಲವಾಗದ ನಟ್ಟು ಹಾಕಿಸಿದೆ. ತೂತಿನ ಸುತ್ತ ಸೀಲೆಂಟ್.

ಅವನ ತಾಯಿ ಪಕ್ಕಕ್ಕೂ ಪರದೆ ಕೇಳಿದರು. “ಓರೆ ಬಿಸಿಲು ಹೊಡೀತೈತಿ ಅಂತ ನೀವೇ ಅಂದ್ರಲ್ಲ ಸಾರ್?” ಮಾತು ನ್ಯಾಯವಾದದ್ದೇ. ಆದರೂ ಒಪ್ಪಲಿಲ್ಲ. ಮೂರು ಚದರ ಮೀಟರ್ ಪರದೆಗೆ ಅದೇ ಗಾಳಿ ಪಕ್ಕದಿಂದ ಬಡಿದರೆ 50 ಕಿಲೋ ಬಲ ದೋಣಿಯನ್ನು ಒಂದೇ ಬದಿಗೆ ನೂಕುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಲೈಫ್ ಜಾಕೆಟ್ ತೊಟ್ಟ ಮಗು ದೋಣಿ ಮಗುಚಿದಾಗ ಮೇಲಕ್ಕೇ ತೇಲುತ್ತದೆ. ಮೇಲೆ ಮಾಡು, ಸುತ್ತ ಪರದೆ ಇದ್ದರೆ ಜಾಕೆಟ್ಟೇ ಅದನ್ನು ಒಳಗೆ ಒತ್ತಿ ಹಿಡಿಯುತ್ತದೆ. ನಾಲ್ಕೂ ಕಡೆ ತೆರೆದಿರಬೇಕು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಬ್ಯಾಡ ಬಿಡ್ರಿ” ಎಂದರು.

ಯಂತ್ರದ ದೋಣಿಗಳ ತಪಾಸಣೆ, ನೋಂದಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ದೋಣಿಯಲ್ಲಿ ಬದಲಾವಣೆ ಮಾಡುವವರು ಮೊದಲೇ ಅಧಿಕಾರಿಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ನಾವೂ ವಿಚಾರಿಸಿದೆವು.

ಎಲ್ಲ ಸೇರಿ ಹೊಸ ಮಾಡು 10 ಕಿಲೋ ತೂಗಿತು. ಗುರುತ್ವ ಕೇಂದ್ರ ಏರಿದ್ದು ಒಂದು ಸೆಂಟಿಮೀಟರಿನಷ್ಟು. ಇಬ್ಬರು ಸೇರಿ ಮಡಚಲು ಮೊದಲ ದಿನ ನಾಲ್ಕು ನಿಮಿಷ ಹಿಡಿಯಿತು. ಗಾಳಿ ಅಷ್ಟು ಹೊತ್ತು ಕಾಯುವುದಿಲ್ಲವೆಂದು ದಂಡೆಯಲ್ಲೇ ಕಟ್ಟಿ, ಬಿಚ್ಚಿ ಅಭ್ಯಾಸ ಮಾಡಿಸಿದೆ. ಈಗ ಒಂದು ನಿಮಿಷದೊಳಗೆ ಆಗುತ್ತದೆ. ಆಷಾಢದ ಗಾಳಿ ಏಳುವ ಮಧ್ಯಾಹ್ನಗಳಲ್ಲಿ ಮಡಚಿಯೇ ಇಡುತ್ತಾನಂತೆ, ಆಗ ಹುಡುಗಿಯರು ಕೊಡೆ ಬಿಚ್ಚುತ್ತಾರೆ. ತಗಡು ಎಮ್ಮೆ ಕೊಟ್ಟಿಗೆಯ ಮೇಲಿದೆ.