ಎಣಿಸಿದ್ದು ಸಾಕು, ಇನ್ನು ಓದೋಣ

ವರ್ಷಕ್ಕೊಮ್ಮೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ವಿಶ್ವದ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮೂರಿನ ಪ್ರಾಧ್ಯಾಪಕರು. ಫೋಟೊ ಇರುತ್ತದೆ, ಕುಲಪತಿಗಳ ಅಭಿನಂದನೆ ಇರುತ್ತದೆ. ಆ ಪ್ರಾಧ್ಯಾಪಕರು ಕಂಡುಹಿಡಿದದ್ದೇನು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರ ಆ ಪಟ್ಟಿ ಎಣಿಸುವುದು ಉಲ್ಲೇಖಗಳನ್ನು. ಒಬ್ಬರ ಪ್ರಬಂಧವನ್ನು ಇತರರು ಎಷ್ಟು ಸಲ ಹೆಸರಿಸಿದರು ಎಂಬುದಷ್ಟೇ ಅದಕ್ಕೆ ಗೊತ್ತು. ಅದನ್ನೇ ಅರ್ಹತಾ ಪತ್ರ ಮಾಡಿಕೊಂಡವರು ನಾವು.

ದಾದರ್ ಪೂರ್ವದಲ್ಲಿ ಇಳಿದು ಹಿಂದೂ ಕಾಲೊನಿ ದಾಟಿ ಮಾಟುಂಗಾ ಕಡೆ ನಡೆದರೆ ಐಸಿಟಿ ಸಿಗುತ್ತದೆ. 1933ರಲ್ಲಿ ಹುಟ್ಟಿದ, ಹಳಬರ ಬಾಯಲ್ಲಿ ಇನ್ನೂ ಯುಡಿಸಿಟಿ ಆಗಿಯೇ ಉಳಿದಿರುವ ಸಂಸ್ಥೆ. ಅಲ್ಲಿನ ಭಾಲಚಂದ್ರ ಭಾನಗೆ ಅವರ ಹೆಸರಿನಲ್ಲಿ ನೂರಾರು ಪ್ರಬಂಧಗಳಿವೆ. ಸುದ್ದಿಗೆ ಅಷ್ಟು ಸಾಕು. ಆದರೆ ಕೆಲಸವನ್ನು ನೋಡಿ. ಪಲ್ಲಾಡಿಯಂ ದುಬಾರಿ ಲೋಹ. ಒಮ್ಮೆ ಬಳಸಿದ ವೇಗವರ್ಧಕವನ್ನು ಮತ್ತೆ ಬಳಸುವುದು ಹೇಗೆ? ಕಾರ್ಬನ್ ಮಾನಾಕ್ಸೈಡ್ ವಿಷಾನಿಲ. ಅದರ ಸಿಲಿಂಡರ್ ಇಲ್ಲದೆ, ಕ್ರಿಯೆ ನಡೆಯುವಲ್ಲಿಯೇ ಅದನ್ನು ಬಿಟ್ಟುಕೊಡುವ ಸಂಯುಕ್ತದಿಂದ ಕೆಲಸ ಮುಗಿಸಬಹುದೇ? ಇವು ಕಾರ್ಖಾನೆಯ ಖರ್ಚಿಗೂ ಕಾರ್ಮಿಕನ ಉಸಿರಿಗೂ ಸಂಬಂಧಿಸಿದ ಪ್ರಶ್ನೆಗಳು. ಅಂಕಿಯೊಳಗೆ ಇವು ಕಾಣುವುದಿಲ್ಲ.

ಲೋಹ ಮತ್ತು ಇಂಗಾಲದ ನಂಟನ್ನು ಅಭ್ಯಾಸ ಮಾಡುವ ಈ ಶಾಸ್ತ್ರದಲ್ಲಿ ಉಲ್ಲೇಖದ ಲೆಕ್ಕ ಇನ್ನೂ ವಿಚಿತ್ರ. ವಿಕ್ಟರ್ ಗ್ರಿನ್ಯಾರ್ 1900ರಲ್ಲಿ ಮೆಗ್ನೀಸಿಯಂ ಸಂಯುಕ್ತಗಳ ಕ್ರಿಯೆಯನ್ನು ಪ್ರಕಟಿಸಿದರು, 1912ರಲ್ಲಿ ನೊಬೆಲ್ ಪಡೆದರು. ಇಂದಿಗೂ ಎಂಎಸ್ಸಿ ಹುಡುಗರು ಈಥರಿಗೆ ಮೆಗ್ನೀಸಿಯಂ ಚೂರು ಹಾಕಿ ಅದನ್ನೇ ಮಾಡುತ್ತಾರೆ. ಮೂಲ ಪ್ರಬಂಧವನ್ನು ಉಲ್ಲೇಖಿಸುವವರು ಅಪರೂಪ. ಪೂರ್ತಿ ಗೆದ್ದ ಜ್ಞಾನ ಅಡಿಟಿಪ್ಪಣಿಯಿಂದ ಮಾಯವಾಗುತ್ತದೆ. ರಿಚರ್ಡ್ ಹೆಕ್ ಸಂಶೋಧನೆಗೆ ಹಣ ಸಿಗದೆ 1989ರಲ್ಲಿ ಡೆಲವೇರ್‌ನಿಂದ ನಿವೃತ್ತರಾದರು. ಅವರ ಪಲ್ಲಾಡಿಯಂ ಕ್ರಿಯೆಗೆ ನೊಬೆಲ್ ಬಂದದ್ದು 2010ರಲ್ಲಿ. ಹಣ ಕೊಡುವವರ ಲೆಕ್ಕಕ್ಕೂ ವಿಜ್ಞಾನದ ಲೆಕ್ಕಕ್ಕೂ ನಡುವೆ ಇಪ್ಪತ್ತೊಂದು ವರ್ಷ!

ಅಂಕಿ ಬಿಟ್ಟರೆ ಜಾತಿ, ಶಿಫಾರಸು, ಗುರುಕೃಪೆ ಮತ್ತೆ ಕುರ್ಚಿ ಏರುತ್ತವೆ ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಸಣ್ಣ ಊರಿನಿಂದ, ಯಾರ ಬೆಂಬಲವೂ ಇಲ್ಲದೆ ಬಂದ ಸಂಶೋಧಕಿಗೆ ಅಂಕಿಯೇ ಗುರಾಣಿಯಾದದ್ದುಂಟು. ಆದರೆ ಅಂಕಿ ಕೃಪೆಯನ್ನು ಓಡಿಸಿಲ್ಲ, ಅದಕ್ಕೆ ಹೊಸ ಅಂಗಿ ತೊಡಿಸಿದೆ. ನೀನು ನನ್ನನ್ನು ಉಲ್ಲೇಖಿಸು, ನಾನು ನಿನ್ನನ್ನು; ವಿದ್ಯಾರ್ಥಿಯ ಪ್ರಬಂಧದಲ್ಲಿ ವಿಭಾಗ ಮುಖ್ಯಸ್ಥರ ಹೆಸರು; ಒಂದು ಪ್ರಬಂಧಕ್ಕಾಗುವ ಸರಕನ್ನು ನಾಲ್ಕಾಗಿ ಕತ್ತರಿಸುವುದು. ಇದೆಲ್ಲ ಗುರುಕೃಪೆಯಲ್ಲದೆ ಮತ್ತೇನು? 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ಎಂಬ ಅಳತೆ ಕೊಟ್ಟರು. ಅಳತೆಗೋಲು ಸಂಬಳ ತೀರ್ಮಾನಿಸತೊಡಗಿದ ದಿನವೇ ಬಟ್ಟೆ ಬಿಟ್ಟು ಕೋಲನ್ನು ಜಗ್ಗುವವರು ಹುಟ್ಟಿಕೊಂಡರು.

ಬೇರೆ ದಾರಿ ಇಲ್ಲವೆನ್ನಬೇಡಿ. 1921ರಿಂದ ಬರುತ್ತಿರುವ 'ಆರ್ಗ್ಯಾನಿಕ್ ಸಿಂಥೆಸಿಸ್' ಪ್ರಕಟಣೆಯಲ್ಲಿ ಪ್ರತಿ ವಿಧಾನವನ್ನೂ ಸಂಪಾದಕ ಮಂಡಳಿಯ ಸದಸ್ಯರೊಬ್ಬರ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಮಾಡಿ ನೋಡದೆ ಅಚ್ಚಿಗೆ ಕಳಿಸುವುದಿಲ್ಲ. ಪರೀಕ್ಷಿಸಿದವರ ಹೆಸರೂ ಅಚ್ಚಾಗುತ್ತದೆ. ರಸಾಯನಶಾಸ್ತ್ರಕ್ಕೆ ಬೇಕಾದ ಅಳತೆ ಇದು: ಇನ್ನೊಬ್ಬರ ಕೈಯಲ್ಲಿ ಆ ಕ್ರಿಯೆ ನಡೆಯಿತೇ?

ಯುಡಿಸಿಟಿಯಲ್ಲಿ ಓದಿದ ಅಂಜಿ ರೆಡ್ಡಿ ಔಷಧಿ ಕಂಪನಿ ಕಟ್ಟಿದರು. ಕೇಕಿ ಘರ್ಡಾ ಕೀಟನಾಶಕ, ವರ್ಣದ್ರವ್ಯಗಳ ಉದ್ಯಮ ಕಟ್ಟಿದರು. ಅವರಿಗೆ ಪಾಠ ಹೇಳಿದವರ ಎಚ್-ಇಂಡೆಕ್ಸ್ ಎಷ್ಟಿತ್ತೆಂದು ಯಾರಾದರೂ ಕೇಳಿದ್ದಾರೆಯೇ?

ಆದ್ದರಿಂದ ನೇಮಕಾತಿಗೆ, ಬಡ್ತಿಗೆ ಕೂರುವ ಸಮಿತಿಗಳಿಗೆ ಒಂದೇ ಬೇಡಿಕೆ. ಅಭ್ಯರ್ಥಿಯಿಂದ ಐದೇ ಪ್ರಬಂಧ ತರಿಸಿಕೊಳ್ಳಿ. ಅವುಗಳನ್ನು ಓದಿ. ಓದಿದ್ದೇವೆಂದು ಕಾರಣ ಸಮೇತ ಬರೆದು ಸಹಿ ಹಾಕಿ, ಅದನ್ನು ಬಹಿರಂಗಪಡಿಸಿ. ಅಷ್ಟು ಓದಲು ಪುರುಸೊತ್ತಿಲ್ಲದವರಿಗೆ ಇನ್ನೊಬ್ಬರ ಜೀವಮಾನದ ದುಡಿಮೆಯನ್ನು ತೂಗುವ ಕುರ್ಚಿ ಯಾಕೆ?